ತಪಸ್ಸುಕಾಲದಲ್ಲಿ ನಾಲ್ಕು ಚರ್ಚು

ವಿಭೂತಿ ಬುಧವಾರ ಕಳೆದು ಮೊದಲ ಭಾನುವಾರ ಬಂತೆಂದರೆ ನಮ್ಮ ಧರ್ಮಕೇಂದ್ರದಲ್ಲಿ ವ್ಯಾನಿನ ಮಾತು ಶುರುವಾಗುತ್ತದೆ. ಪೂಜೆ ಮುಗಿಸಿ ಅಂಗಳದಲ್ಲಿ ನಿಂತಾಗ ಯಾರಾದರೂ ಒಬ್ಬರು "ಈ ಸಲ ಎಲ್ಲಿಗೆ?" ಎಂದು ಕೇಳಿಯೇ ಕೇಳುತ್ತಾರೆ. ನಮ್ಮದು ಬೆಂಗಳೂರಿನ ಅಂಚಿನಲ್ಲಿರುವ ಕನ್ನಡದ ಧರ್ಮಕೇಂದ್ರ. ಇಲ್ಲಿಯ ಬಹಳಷ್ಟು ಜನ ಹಾರೋಬೆಲೆ, ಆನೇಕಲ್ಲು, ಮಂಡ್ಯ, ಹಾಸನದ ಕಡೆಯಿಂದ ಬಂದು ನೆಲೆಸಿದವರು. ತಪಸ್ಸುಕಾಲದ ಒಂದು ಶನಿವಾರ ಗುಂಪಾಗಿ ಹೋಗಿ ಹಳೆಯ ಚರ್ಚುಗಳನ್ನು ಕಂಡು ರಾತ್ರಿಯೊಳಗೆ ಮನೆ ಸೇರುವ ಈ ಯಾತ್ರೆಯನ್ನು ಹೊಂದಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ತಲೆಗೆ ಬಂದಿದೆ. ದುಡ್ಡು ಕೂಡಿಸುವುದು, ಕಿಟಕಿ ಪಕ್ಕದ ಸೀಟಿನ ಜಗಳ ಬಿಡಿಸುವುದು, ಬಿಪಿ ಮಾತ್ರೆ ಮರೆತವರಿಗೆ ಮೆಡಿಕಲ್ ಸ್ಟೋರ್ ಹುಡುಕುವುದು ಎಲ್ಲ ಇದರಲ್ಲಿ ಸೇರಿದೆ. ಬೇರೆ ಧರ್ಮಕೇಂದ್ರದವರು ಫೋನು ಮಾಡಿ "ನಾವೂ ಹೊರಡೋಣ ಅಂತಿದ್ದೀವಿ, ಏನೇನು ನೋಡ್ಕೋಬೇಕು?" ಎಂದು ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಬಗೆಹರಿಯಬೇಕಾದದ್ದು ಎಷ್ಟು ಚರ್ಚು ಎಂಬ ಪ್ರಶ್ನೆ. ಪವಿತ್ರ ಗುರುವಾರದ ರಾತ್ರಿ ಏಳು ಚರ್ಚುಗಳಿಗೆ ಹೋಗಿ ಪರಮಪ್ರಸಾದದ ಮುಂದೆ ಮೊಣಕಾಲೂರುವ ರೂಢಿ ಬೆಂಗಳೂರಿನಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಅದೇ ಲೆಕ್ಕದಲ್ಲಿ ನಮ್ಮ ಹುಡುಗರು ಮೊಬೈಲಿನ ಮ್ಯಾಪು ಹಿಡಿದು ಶ್ರೀರಂಗಪಟ್ಟಣದಿಂದ ಹಾಸನದವರೆಗೆ ಏಳು ಚರ್ಚಿನ ಪಟ್ಟಿ ಮಾಡಿಕೊಂಡು ಬಂದರು. ಪಟ್ಟಿ ನೋಡಿದ ನಮ್ಮ ಹಳೆಯ ಉಪದೇಶಿಯವರು, "ಏಳು ಬಾಗಿಲು ಮುಟ್ಟಿ ಬರೋದಾದ್ರೆ ವ್ಯಾನು ಯಾಕಪ್ಪ, ಅಂಚೆಯವನನ್ನ ಕಳಿಸಿದ್ರೆ ಆಯ್ತು" ಎಂದರು. ಎಲ್ಲರೂ ನಕ್ಕರು, ಪಟ್ಟಿ ನಾಲ್ಕಕ್ಕೆ ಇಳಿಯಿತು: ಗಂಜಾಂ, ಪಾಲಹಳ್ಳಿ, ಮೈಸೂರು, ಡೋರ್ನಹಳ್ಳಿ.

ಏಳರ ಈ ಪದ್ಧತಿಯನ್ನು ಜನಪ್ರಿಯ ಮಾಡಿದವರು ಸಂತ ಫಿಲಿಪ್ ನೇರಿ. ಹದಿನಾರನೇ ಶತಮಾನದ ರೋಮಿನಲ್ಲಿ, ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳ ಕುಡಿತ ಕುಣಿತದಿಂದ ಜನರನ್ನು ಬಿಡಿಸಬೇಕೆಂದು ಅವರು ದೊಡ್ಡ ಗುಂಪು ಕಟ್ಟಿಕೊಂಡು ನಗರದ ಏಳು ಪ್ರಮುಖ ದೇವಾಲಯಗಳನ್ನು ನಡೆದೇ ಸುತ್ತುತ್ತಿದ್ದರು. ದಾರಿಯುದ್ದಕ್ಕೂ ಹಾಡು, ಜಪ. ನಡುವೆ ಒಂದು ತೋಟದಲ್ಲಿ ಕೂತು ಬುತ್ತಿ ಬಿಚ್ಚಿ ಊಟ. "ಇದೇನು ಯಾತ್ರೆಯೋ ಪಿಕ್‌ನಿಕ್ಕೋ" ಎಂದು ನಮ್ಮನ್ನು ನೋಡಿ ಮೂಗು ಮುರಿಯುವವರಿಗೆ ಇದನ್ನು ಹೇಳಿಬಿಡುತ್ತೇನೆ. ಸಂತರೇ ಬುತ್ತಿ ಕಟ್ಟಿಕೊಂಡು ಹೋದ ಮೇಲೆ ನಮ್ಮ ಚಿತ್ರಾನ್ನಕ್ಕೆ ಯಾಕೆ ತಕರಾರು!

ಆದರೆ ರೋಮಿನ ಏಳು ದೇವಾಲಯಗಳು ಒಂದು ನಗರದವು. ನಮ್ಮ ಹಳ್ಳಿ ಚರ್ಚುಗಳ ನಡುವೆ ಹತ್ತಾರು ಕಿಲೋಮೀಟರು ದಾರಿ, ಮಂಡಿ ನೋವಿನ ಅಜ್ಜಿಯರು, ಪ್ರತಿ ಸಲವೂ ಹತ್ತಿ ಇಳಿಯುವ ಹೊತ್ತು. ಒಂದು ಕಡೆ ನಿಂತು ಹೊರಡುವುದಕ್ಕೆ ಒಂದು ಗಂಟೆ ಇಟ್ಟುಕೊಂಡರೆ ಅದರಲ್ಲಿ ಕಾಲು ಭಾಗ ಶೌಚಾಲಯಕ್ಕೇ ಹೋಗುತ್ತದೆ. ಇದನ್ನು ಹೇಳಲು ನಾಚಿಕೆಪಡಬೇಕಾಗಿಲ್ಲ. ಶೌಚಾಲಯ ಎಲ್ಲಿದೆ ಎಂದು ಮೊದಲೇ ಕೇಳಿ ಗೊತ್ತುಮಾಡಿಕೊಂಡ ದಿನ ಹಿರಿಯರ ಮುಖದಲ್ಲಿ ಸಮಾಧಾನವಿರುತ್ತದೆ, ಪ್ರಾರ್ಥನೆಯೂ ಚೆನ್ನಾಗಿ ನಡೆಯುತ್ತದೆ.

ದಿನದ ಆಯ್ಕೆಯೂ ಅಷ್ಟೇ ಮುಖ್ಯ. ಭಾನುವಾರ ಎಲ್ಲ ಚರ್ಚಿನಲ್ಲೂ ಪೂಜೆ, ಧರ್ಮೋಪದೇಶ. ಹೊರಗಿನ ಗುಂಪು ನುಗ್ಗಿದರೆ ಊರವರಿಗೆ ತೊಂದರೆ. ಶುಕ್ರವಾರ ಸಂಜೆ ಎಲ್ಲೆಡೆ ಶಿಲುಬೆಹಾದಿ. ಪವಿತ್ರ ವಾರದ ಹತ್ತಿರ ಹೋದರೆ ಗುರುಗಳು ಪಾಪನಿವೇದನೆ ಕೇಳುವುದರಲ್ಲಿ ಮುಳುಗಿರುತ್ತಾರೆ, ನಮ್ಮನ್ನು ಮಾತನಾಡಿಸಲು ಪುರುಸೊತ್ತಿಲ್ಲ. ಮೂರನೆಯ ಇಲ್ಲವೇ ನಾಲ್ಕನೆಯ ವಾರದ ಶನಿವಾರವೇ ಸರಿ. ಹಳ್ಳಿ ಚರ್ಚುಗಳು ಬೆಳಗಿನ ಪೂಜೆಯ ನಂತರ ಮುಚ್ಚಿ ಸಂಜೆಗೆ ತೆರೆಯುವುದೇ ಹೆಚ್ಚು. ಹಾಗಾಗಿ ವಾರ ಮೊದಲೇ ಗುರುಗಳಿಗೆ ಫೋನು ಮಾಡಿ, ಬೀಗದ ಕೈ ಯಾರ ಮನೆಯಲ್ಲಿರುತ್ತದೆ ಎಂದು ತಿಳಿದುಕೊಂಡಿರಬೇಕು. ಆ ಬೀಗದ ಕೈ ಹಿಡಿದು ಬರುವವರೇ ನಿಮ್ಮ ನಿಜವಾದ ಗೈಡು. ಗುರುಗಳು ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಬೀಗದ ಕೈ ಇಟ್ಟುಕೊಂಡವರು ಅಲ್ಲೇ ಹುಟ್ಟಿ ಅಲ್ಲೇ ಹಣ್ಣಾದವರು.

ಮೈಸೂರಿನ ಹೊಸ ಹೆದ್ದಾರಿ ಬಂದ ಮೇಲೆ ದಾರಿ ಬೇಗ ಸಾಗುತ್ತದೆ, ಆದರೆ ಬಿಡದಿ, ರಾಮನಗರ, ಮದ್ದೂರು, ಮಂಡ್ಯ ಎಲ್ಲ ಪಕ್ಕಕ್ಕೆ ಸರಿದುಬಿಟ್ಟಿವೆ. ಮದ್ದೂರು ವಡೆ ಬೇಕೆಂದರೆ ಹೆದ್ದಾರಿ ಬಿಟ್ಟು ಇಳಿಯಬೇಕು. ತಪಸ್ಸುಕಾಲದಲ್ಲಿ ವಡೆಗಾಗಿ ಇಳಿಯುವುದು ಸರಿಯೇ ಎಂಬ ಚರ್ಚೆ ರಾಮನಗರದಿಂದ ಮದ್ದೂರಿನವರೆಗೆ ನಡೆಯಿತು. ಒಪ್ಪೊತ್ತು ಇದ್ದ ಅಕ್ಕ ಒಬ್ಬರು, "ನೀವು ತಿನ್ನಿ, ವಾಸನೆಗೇನು ಉಪವಾಸ ಇಲ್ಲ" ಎಂದಾಗ ಉಳಿದವರ ಬಾಯಿ ಮುಚ್ಚಿತು. ವ್ಯಾನು ಇಳಿಯಲಿಲ್ಲ. ಯಾರೂ ನಿಯಮ ಹಾಕಿರಲಿಲ್ಲ.

ಊಟದ ವಿಚಾರದಲ್ಲಿ ನಮಗೆ ಫಲ ಕೊಟ್ಟ ಏರ್ಪಾಡು ಇದು: ಎಲ್ಲರೂ ಮನೆಯಿಂದಲೇ ಚಿತ್ರಾನ್ನ, ಮೊಸರನ್ನ ತರುವುದು, ಹೋಟೆಲಿಗೆ ಖರ್ಚಾಗಬಹುದಾದ ದುಡ್ಡನ್ನು ಒಂದು ಲಕೋಟೆಗೆ ಹಾಕುವುದು, ಅದನ್ನು ಹಳ್ಳಿ ಚರ್ಚುಗಳ ಕಾಣಿಕೆ ಡಬ್ಬಿಗೆ ಸೇರಿಸುವುದು. ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ತಪಸ್ಸುಕಾಲಕ್ಕೆ ಹೇಳಿದ ಕೆಲಸಗಳು. ಮೊದಲೆರಡನ್ನು ನಾವು ಹೇಗೋ ಮಾಡಿಬಿಡುತ್ತೇವೆ. ಮೂರನೆಯದು ಲಕೋಟೆ ಕೈಗೆ ಬಂದಾಗಲೇ ನೆನಪಾಗುವುದು.

ಗಂಜಾಂ ಶ್ರೀರಂಗಪಟ್ಟಣದ ದ್ವೀಪದ ಪೂರ್ವಕ್ಕಿದೆ. ಗುಂಬಜ್ ನೋಡಲು ಬರುವ ಬಸ್ಸುಗಳಿಗೆ ಲೆಕ್ಕವಿಲ್ಲ, ಚರ್ಚಿನ ಕಡೆ ತಿರುಗುವವು ಕಡಿಮೆ. ಈ ಚರ್ಚು ಇವತ್ತಿಗೂ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಹೆಸರಿನಲ್ಲೇ ಗುರುತಾಗಿದೆ. ಆ ಮನುಷ್ಯನ ಕಥೆ ಗೊತ್ತಿಲ್ಲದೆ ಒಳಗೆ ಹೋದರೆ ಒಂದು ಸಣ್ಣ ಕಟ್ಟಡ ಕಂಡು ಹೊರಗೆ ಬರುತ್ತೀರಿ, ಅಷ್ಟೇ. ಅದಕ್ಕೇ ಕಥೆಯನ್ನು ವ್ಯಾನಿನಲ್ಲೇ ಹೇಳಿ ಮುಗಿಸಿದ್ದೆವು. ಚರ್ಚಿನೊಳಗೆ ನಿಂತು ಭಾಷಣ ಮಾಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಒಳಗೆ ಹೋದ ಮೇಲೆ ಕೂರಬೇಕು.

1765ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ದುಬಾಯ್, ಅಲ್ಲಿ ಕ್ರಾಂತಿಯ ಬೆಂಕಿ ಹತ್ತಿದ್ದಾಗ, 1792ರಲ್ಲಿ ಊರು ಬಿಟ್ಟು ಭಾರತಕ್ಕೆ ಬಂದವರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ದಿಕ್ಕಾಪಾಲಾಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ವೇಷ, ಊಟ, ನಡವಳಿಕೆ ಎಲ್ಲದರಲ್ಲೂ ಈ ನೆಲದವರಂತೆ ಬದುಕಿದರು. ತಲೆಗೆ ರುಮಾಲು, ಕೈಯಲ್ಲಿ ಕೋಲು, ಮಾಂಸ ಮುಟ್ಟದ ಊಟ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಸಿಡುಬಿಗೆ ಲಸಿಕೆ ಹಾಕುವ ಹೊಸ ವಿದ್ಯೆ ಆಗಷ್ಟೇ ಈ ದೇಶಕ್ಕೆ ಬಂದಿತ್ತು. 1803-04ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಸುಮಾರು 25,000 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದವರು ಇವರೇ. ಹಾಸನದ ಕಡೆ ಸಾತಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ಊರುಗಳನ್ನು ಕಟ್ಟಿಕೊಟ್ಟರು.

ಹಿಂದೂಗಳ ಆಚಾರ ವ್ಯವಹಾರಗಳ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡ ಕೊಟ್ಟು ಕೊಂಡುಕೊಂಡಿತು, 1816ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಕೂರ್ದು ಎಂಬ ಜೆಸ್ವಿತ್ ಪಾದ್ರಿಯ ಬರಹದಿಂದ ಬಂದದ್ದು ಎಂದು 1980ರ ದಶಕದಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ತೋರಿಸಿದ್ದಾರೆ. ಇದನ್ನು ಹೇಳಿದಾಗ ನಮ್ಮ ಗುಂಪಿನ ಕೆಲವರಿಗೆ ಬೇಜಾರಾಯಿತು. ನನಗೇನೂ ಅನ್ನಿಸಲಿಲ್ಲ. ಪುಸ್ತಕ ಯಾರದಾದರೂ ಆಗಲಿ, ಲಸಿಕೆ ಹಾಕಿದ ಕೈ ಅವರದೇ.

1823ರಲ್ಲಿ ಅವರು ಫ್ರಾನ್ಸಿಗೆ ಹಿಂತಿರುಗಿದರು. ಅದೇ ವರ್ಷ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲ ಎಂದು ಕೈಚೆಲ್ಲಿ ಬರೆದಿದ್ದಾರೆ. 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಮಾತು ಬರೆದವರು ಬಿಟ್ಟುಹೋದ ಚರ್ಚಿನಲ್ಲಿ, ಎರಡು ಶತಮಾನ ಕಳೆದ ಮೇಲೆ, ಒಂದು ವ್ಯಾನು ತುಂಬ ಜನ ಕೂತು ಕನ್ನಡದಲ್ಲಿ ಶಿಲುಬೆಹಾದಿಯ ಮೊದಲ ನಾಲ್ಕು ಸ್ಥಳಗಳನ್ನು ಧ್ಯಾನಿಸಿದೆವು.

ಹದಿನಾಲ್ಕು ಸ್ಥಳಗಳನ್ನು ಒಂದೇ ಚರ್ಚಿನಲ್ಲಿ ಮುಗಿಸದೆ ದಾರಿಯುದ್ದಕ್ಕೂ ಹಂಚಿಕೊಳ್ಳುವ ಈ ಯೋಚನೆ ಗುಂಪಿನಲ್ಲಿದ್ದ ಒಬ್ಬ ಕನ್ಯಾಸ್ತ್ರೀಯವರದು. ಗಂಜಾಮಿನಲ್ಲಿ ಪಿಲಾತನ ತೀರ್ಪಿನಿಂದ ತಾಯಿಯ ಭೇಟಿಯವರೆಗೆ ನಾಲ್ಕು, ಪಾಲಹಳ್ಳಿಯಲ್ಲಿ ಮೂರು, ಮೈಸೂರಿನಲ್ಲಿ ಮೂರು, ಸಂಜೆ ಡೋರ್ನಹಳ್ಳಿಯಲ್ಲಿ ಶಿಲುಬೆಗೆ ಜಡಿಯುವುದರಿಂದ ಸಮಾಧಿಯವರೆಗೆ ಕೊನೆಯ ನಾಲ್ಕು. ಹೀಗೆ ಹಂಚಿದ್ದರಿಂದ ಇಡೀ ದಿನಕ್ಕೆ ಒಂದು ಎಳೆ ಸಿಕ್ಕಿತು. ಒಂದು ಚರ್ಚು ಬಿಟ್ಟು ಇನ್ನೊಂದಕ್ಕೆ ಹೊರಟಾಗ ಪ್ರಾರ್ಥನೆ ಅರ್ಧದಲ್ಲಿ ನಿಂತಿರುತ್ತದೆ, ಹಾಗಾಗಿ ವ್ಯಾನಿನಲ್ಲಿ ಸಿನಿಮಾ ಹಾಡು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಗುಂಪು ಕರೆದುಕೊಂಡು ಹೋಗುವವರಿಗೆ ನಾನು ಕೊಡುವ ಸಲಹೆಗಳಲ್ಲಿ ಇದು ಮೊದಲನೆಯದು.

ಶ್ರೀರಂಗಪಟ್ಟಣ ಬಿಡುವ ಮುಂಚೆ ಇನ್ನೊಂದು ಮಾತು ಬಂತು, ಬರಲೇಬೇಕಾಗಿತ್ತು. ನಮ್ಮ ಗುಂಪಿನಲ್ಲಿ ಮಂಗಳೂರು ಮೂಲದ ಒಂದು ಕುಟುಂಬವಿದೆ. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ ಕೆನರಾದ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದದ್ದು 1784ರಲ್ಲಿ. ಹಿಡಿದದ್ದು ವಿಭೂತಿ ಬುಧವಾರದಂದು ಎಂದು ಆ ಜನರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. "ನಮ್ಮಲ್ಲಿ ಬೂದಿ ಹಾಕಿಸಿಕೊಳ್ಳುವಾಗ ಅಜ್ಜಿ ಇದನ್ನೇ ಹೇಳೋರು" ಎಂದು ಆ ಮನೆಯ ಯಜಮಾನರು ಹೇಳಿದರು. ಅದನ್ನು ಕೇಳಿ ಹಿಂದಿನ ಸೀಟಿನ ಹುಡುಗನೊಬ್ಬ ಇಂದಿನ ರಾಜಕೀಯಕ್ಕೆ ಎಳೆಯಲು ಹೊರಟ. ಅವರೇ ತಡೆದರು: "ಜಗಳಕ್ಕೆ ಹೇಳಲಿಲ್ಲ ಮಗ. ಈ ಊರಿಗೆ ಬಂದು ಇದನ್ನ ನೆನೆಸಿಕೊಳ್ಳದೆ ಹೋಗಬಾರದು ಅಂತ ಹೇಳಿದ್ದು." ಅಲ್ಲಿಗೆ ಆ ಮಾತು ಮುಗಿಯಿತು. ಕಹಿ ಚರಿತ್ರೆಯನ್ನು ಗುಂಪಿನಲ್ಲಿ ಹೇಳುವಾಗ ಆ ದನಿ ಹೀಗಿರಬೇಕು ಎಂದು ನನಗೆ ಅನ್ನಿಸಿತು.

ಪಾಲಹಳ್ಳಿ ಅಲ್ಲಿಂದ ಕನ್ನಂಬಾಡಿಯ ದಾರಿಯಲ್ಲಿ, ಕಬ್ಬು ಭತ್ತದ ಸೀಮೆಯಲ್ಲಿದೆ. ಈ ಭಾಗದ ಕ್ರೈಸ್ತರ ಚರಿತ್ರೆ ದುಬಾಯ್‌ಗಿಂತ ಒಂದೂವರೆ ಶತಮಾನ ಹಿಂದಕ್ಕೆ ಹೋಗುತ್ತದೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದ ಕೊನೆಗೆ, ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಜೆಸ್ವಿತ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರುಮಾಡಿದರು. ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣ ಬರೆದು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಮಾಡಿದರು. ಕಿಟ್ಟೆಲ್ ಅವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು, ಅದು ಸರಿಯೇ. ಅವರಿಗಿಂತ ಇನ್ನೂರು ವರ್ಷ ಹಿಂದೆ ಇಲ್ಲಿ ಕೂತು ಕನ್ನಡದ ವಿಭಕ್ತಿಗಳೊಂದಿಗೆ ಗುದ್ದಾಡಿದ ಚಿನ್ನಮಿಯ ಹೆಸರು ನಮ್ಮ ಕಥೋಲಿಕ ಮಕ್ಕಳಿಗೂ ಗೊತ್ತಿಲ್ಲ ಎನ್ನುವುದು ನನ್ನ ದೂರು.

ಪಾಲಹಳ್ಳಿಯಲ್ಲಿ ಹುಡುಗರು ಗೋಡೆ ಮುಟ್ಟಿ ನೋಡಿ, "ಇದು ಎಷ್ಟು ವರ್ಷದ್ದು?" ಎಂದು ಕೇಳತೊಡಗಿದರು. ಸುಣ್ಣ, ಬಣ್ಣ, ಟೈಲ್ಸ್ ಕಂಡು ಅವರಿಗೆ ನಿರಾಸೆಯಾಗಿತ್ತು. ಹಳೆಯ ಚರ್ಚು ಎಂದರೆ ಪಾಚಿ ಕಟ್ಟಿದ ಕಲ್ಲಿರಬೇಕು ಎಂದು ಅವರ ಎಣಿಕೆ. ನಮ್ಮ ನಾಡಿನ ಹಳೆಯ ಚರ್ಚುಗಳಲ್ಲಿ ಬಹುತೇಕ ಯಾವುದೂ ಮೊದಲು ಕಟ್ಟಿದ ಹಾಗೆ ಉಳಿದಿಲ್ಲ. ಯುದ್ಧದಲ್ಲಿ ಬಿದ್ದವು, ಮಳೆಗೆ ಕುಸಿದವು, ಜನ ಹೆಚ್ಚಾದಂತೆ ದೊಡ್ಡದಾದವು. ಮಂಗಳೂರಿನಲ್ಲೂ ಹಾಗೆಯೇ. ಕೆಳದಿಯ ಚೆನ್ನಮ್ಮ ಜಾಗ ಕೊಟ್ಟು 1680ರಲ್ಲಿ ಶುರುವಾದ ಮಿಲಾಗ್ರಿಸ್ ಚರ್ಚಿನ ಈಗಿನ ಕಟ್ಟಡ ಇಪ್ಪತ್ತನೇ ಶತಮಾನದ ಆರಂಭದ್ದು.

ಹಾಗಾದರೆ ಹಳೆಯದು ಯಾವುದು? ಅದಕ್ಕೆ ಉತ್ತರ ಬಂದದ್ದು ಬಾಗಿಲ ಪಕ್ಕ ಕೂತು ನಮ್ಮನ್ನೇ ನೋಡುತ್ತಿದ್ದ ಅಜ್ಜಿಯೊಬ್ಬರಿಂದ. ನಾವು ಐದನೆಯ ಸ್ಥಳ ಮುಗಿಸಿ, ವೆರೋನಿಕ ಯೇಸುವಿನ ಮುಖ ಒರೆಸುವ ಆರನೆಯ ಸ್ಥಳಕ್ಕೆ ಬಂದಾಗ ಅಜ್ಜಿ ತಾವಾಗಿ ದನಿಯೆತ್ತಿದರು. ನಾವು ಪುಸ್ತಕದಲ್ಲಿ ಹಾಡುವ ಹಾಡಲ್ಲ ಅದು. ತಗ್ಗಿದ, ಎಳೆದೆಳೆದು ಹಾಡುವ ಶೋಕದ ಧಾಟಿ, ಸಾವಿನ ಮನೆಯಲ್ಲಿ ಹೆಂಗಸರು ಹೇಳಿಕೊಂಡು ಅಳುವ ರೀತಿಯದು. ಹಾರೋಬೆಲೆಯ ಕಡೆಯ ನಮ್ಮ ಹೆಂಗಸರಿಗೆ ಧಾಟಿ ಪರಿಚಯವಿತ್ತು, ಯೇಸುವಿನ ಪಾಡನ್ನು ಆಡಿ ತೋರಿಸುವ ಅಲ್ಲಿಯ ಮಹಿಮೆ ನಾಟಕದ ವಾತಾವರಣದಲ್ಲಿ ಬೆಳೆದವರು ಅವರು. ಎರಡನೆಯ ಸಾಲಿಗೇ ದನಿ ಕೂಡಿಸಿದರು. ಮುಗಿದ ಮೇಲೆ, "ಯಾರು ಕಲಿಸಿದ್ದು ಅಜ್ಜಿ?" ಎಂದು ಕೇಳಿದೆ. "ನಮ್ಮತ್ತೆ. ಅವರಿಗೆ ಅವರತ್ತೆ. ಆವಾಗ ಪೂಜೆಯೆಲ್ಲ ಲತೀನಿನಲ್ಲಿ ಅಲ್ವ ಕಣಮ್ಮ, ನಮಗೆ ಏನೂ ತಿಳೀತಿರಲಿಲ್ಲ. ಇದೊಂದೇ ತಿಳೀತಿದ್ದುದು" ಎಂದರು.

ಪೂಜೆ ಕನ್ನಡಕ್ಕೆ ಬಂದದ್ದು 1960ರ ದಶಕದ ಎರಡನೇ ವ್ಯಾಟಿಕನ್ ಸಭೆಯ ತೀರ್ಮಾನದ ನಂತರ. ಅದಕ್ಕೂ ಮುಂಚೆ ಹಳ್ಳಿಯ ಭಕ್ತಿಯನ್ನು ಕನ್ನಡದಲ್ಲಿ ಉಳಿಸಿಕೊಂಡು ಬಂದವರು ಇಂಥ ಅತ್ತೆ ಸೊಸೆಯರು. ಹುಡುಗನೊಬ್ಬ ಫೋನಿನಲ್ಲಿ ಹಾಡನ್ನು ಹಿಡಿದುಕೊಳ್ಳಲೇ ಎಂದು ಕೇಳಿದ. ಅಜ್ಜಿ ಸೆರಗು ಸರಿಮಾಡಿಕೊಂಡು ಇನ್ನೊಂದು ಸಲ ಹಾಡಿದರು. ಆವತ್ತಿನಿಂದ ಈ ಯಾತ್ರೆಗೆ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ: ಪ್ರತಿ ಊರಿನಲ್ಲಿ ಅಲ್ಲಿಯ ಹಿರಿಯರೊಬ್ಬರನ್ನು ಮಾತನಾಡಿಸದೆ ವ್ಯಾನು ಹತ್ತಬಾರದು.

ತಪಸ್ಸುಕಾಲವೇ ಯಾಕೆ, ಹಬ್ಬದ ದಿನ ಹೋದರೆ ಆಗದೇ ಎಂದು ಕೇಳುವವರಿದ್ದಾರೆ. ಹಬ್ಬಕ್ಕೆ ಹೋಗಿ, ಬೇಡ ಎನ್ನುವುದಿಲ್ಲ. ಆಗ ಚರ್ಚು ಕಾಣುವುದಿಲ್ಲ, ಅಲಂಕಾರ ಕಾಣುತ್ತದೆ. ಸೀರಿಯಲ್ ಸೆಟ್ಟು, ಶಾಮಿಯಾನ, ತೇರಿನ ಹೂವು, ಮೈಕಿನ ಗದ್ದಲ. ತಪಸ್ಸುಕಾಲದಲ್ಲಿ ಪೀಠದ ಮೇಲೆ ಹೂವಿಡುವುದಿಲ್ಲ, ಅಲ್ಲೆಲೂಯ ಹಾಡುವುದಿಲ್ಲ, ವಾದ್ಯಗಳು ಹಾಡಿಗೆ ಆಸರೆಯಾಗುವಷ್ಟೇ ನುಡಿಯುತ್ತವೆ. ಗುರುಗಳ ಮೇಲಂಗಿ ನೇರಳೆ. ಕೊನೆಯ ಎರಡು ವಾರ ಕೆಲವು ಕಡೆ ಶಿಲುಬೆ, ಪ್ರತಿಮೆಗಳಿಗೂ ನೇರಳೆ ಬಟ್ಟೆ ಹೊದಿಸುತ್ತಾರೆ. ಎಲ್ಲವನ್ನೂ ಕಳಚಿಟ್ಟ ಈ ದಿನಗಳಲ್ಲಿ ಕಣ್ಣು ಗೋಡೆಯ ದಪ್ಪಕ್ಕೆ, ಕಿಟಕಿಯಿಂದ ಬೀಳುವ ಬಿಸಿಲಿಗೆ, ಮೊಣಕಾಲೂರಿ ಸವೆದ ಮರದ ಹಲಗೆಗೆ ಹೋಗುತ್ತದೆ. ಕಟ್ಟಿದವರು ಏನು ಕಟ್ಟಿದರು ಎಂಬುದು ಆಗ ತಿಳಿಯುತ್ತದೆ.

ಮೈಸೂರಿನ ಸಂತ ಫಿಲೋಮಿನಾ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರೂ ನೋಡಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ ಇಲ್ಲಿ ಚರ್ಚು ಎದ್ದಿತ್ತು. ಈಗಿನ ಗೋಥಿಕ್ ಶೈಲಿಯ ಕಟ್ಟಡಕ್ಕೆ ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಇಟ್ಟರು. ಜರ್ಮನಿಯ ಕಲೋನಿನ ದೇವಾಲಯ ಅದಕ್ಕೆ ಮಾದರಿ, ಅವಳಿ ಗೋಪುರಗಳು 175 ಅಡಿ ಎತ್ತರ. ಸಂತ ಫಿಲೋಮಿನಾ ಅವರ ಅವಶೇಷ ನೆಲಮಾಳಿಗೆಯಲ್ಲಿದೆ. ರೋಮು 1961ರಲ್ಲಿ ಫಿಲೋಮಿನಾ ಹೆಸರನ್ನು ಪೂಜಾ ಪಂಚಾಂಗದಿಂದ ತೆಗೆದುಹಾಕಿದರೂ ಮೈಸೂರಿನವರು ತಮ್ಮ ಫಿಲೋಮಿನಮ್ಮನನ್ನು ಬಿಟ್ಟುಕೊಟ್ಟಿಲ್ಲ.

ಇಲ್ಲಿ ಪ್ರಾರ್ಥನೆ ಕಷ್ಟ. ಪ್ರವಾಸಿಗರ ಸಾಲು ಹರಿಯುತ್ತಲೇ ಇರುತ್ತದೆ. ನಮ್ಮವರಲ್ಲೂ ಅರ್ಧ ಜನ ಪ್ರವಾಸಿಗರಾಗಿಬಿಟ್ಟರು. ಸೆಲ್ಫಿಗೆ ಗೋಪುರ ಹಿಡಿಸಲು ರಸ್ತೆಯಂಚಿಗೆ ಹೋದವರನ್ನು ಕರೆದು ತರುವುದೇ ಒಂದು ಕೆಲಸವಾಯಿತು. ಮಧ್ಯದ ಮೂರು ಸ್ಥಳಗಳನ್ನು ಒಂದು ಮೂಲೆಯಲ್ಲಿ ಪಿಸುಮಾತಿನಲ್ಲಿ ಮುಗಿಸಿದೆವು. ದೊಡ್ಡ ಚರ್ಚನ್ನು ಪಟ್ಟಿಯಿಂದ ಬಿಡಲು ಆಗುವುದಿಲ್ಲ, ಹಿರಿಯರಿಗೆ ಅದರ ಮೇಲೆ ಆಸೆ. ಆದರೆ ಅಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ.

ಡೋರ್ನಹಳ್ಳಿಗೆ ಕೆ.ಆರ್. ನಗರದ ದಾರಿ. ಹೊಲ ಉಳುವಾಗ ರೈತನೊಬ್ಬನಿಗೆ ಸಂತ ಅಂತೋಣಿಯವರ ಮರದ ಪ್ರತಿಮೆ ಸಿಕ್ಕಿತು ಎಂಬುದು ಆ ಊರಿನ ಕಥೆ. 2019ರಲ್ಲಿ ರೋಮು ಇದಕ್ಕೆ ಬಸಿಲಿಕದ ಪದವಿ ಕೊಟ್ಟಿತು. ಜೂನ್ 13ರ ಹಬ್ಬಕ್ಕೆ ಬರುವ ಜನದಲ್ಲಿ ಕ್ರೈಸ್ತರಲ್ಲದವರೂ ಬಹಳ. ತಪಸ್ಸುಕಾಲದ ಶನಿವಾರದ ಸಂಜೆಯಲ್ಲೂ ಕುಂಕುಮ ಇಟ್ಟ ಹೆಂಗಸರು ಮೇಣದ ಬತ್ತಿ ಹಚ್ಚುತ್ತಿದ್ದರು. ಹೊಸ ಕನ್ನಡಕ ಹಾಕಿದ್ದ ಒಬ್ಬಾಕೆ, ಮಗಳಿಗೆ ಕೆಲಸ ಸಿಕ್ಕಿದ್ದಕ್ಕೆ ಹರಕೆ ತೀರಿಸಲು ಬಂದವರು, ನಾವು ಶಿಲುಬೆಹಾದಿ ಮಾಡುವಾಗ ಸುಮ್ಮನೆ ನಮ್ಮ ಹಿಂದೆ ನಿಂತರು, ನಾವು ಮೊಣಕಾಲೂರಿದಾಗ ತಾವೂ ಊರಿದರು. ಆಮೇಲೆ, "ನಿಮ್ಮದು ಮುಗೀತಾ? ಪ್ರಸಾದ ತಗೊಳ್ಳಿ" ಎಂದು ಚೀಲದಿಂದ ಬಾಳೆಹಣ್ಣು ತೆಗೆದು ಎಲ್ಲರಿಗೂ ಹಂಚಿದರು. ಬೆಳಗಿನಿಂದ ಒಪ್ಪೊತ್ತು ಇದ್ದ ನಮ್ಮ ಅಕ್ಕ ಉಪವಾಸ ಬಿಟ್ಟದ್ದು ಆ ಬಾಳೆಹಣ್ಣಿನಲ್ಲಿ.

ಇದಕ್ಕೆ ಪೂರ್ತಿ ಬೇರೆಯದೇ ಅನುಭವ ಶೆಟ್ಟಿಹಳ್ಳಿಯದು. ಹಾಸನದ ಹತ್ತಿರದ ಈ ಚರ್ಚಿಗೆ ಇನ್ನೊಂದು ತಪಸ್ಸುಕಾಲದಲ್ಲಿ ಹೋಗಿದ್ದೆವು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಎದ್ದುಹೋಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಹಿನ್ನೀರು ಅದನ್ನು ಅರ್ಧ ನುಂಗುತ್ತದೆ, ಬೇಸಿಗೆಗೆ ಬಿಡುತ್ತದೆ. ತಪಸ್ಸುಕಾಲದ ಹೊತ್ತಿಗೆ ನೀರು ಇಳಿದು ನಡೆದುಹೋಗುವಷ್ಟು ನೆಲ ಬಿಟ್ಟಿರುತ್ತದೆ. ನೋಡಲು ಅದ್ಭುತ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ನಮಗಿಂತ ಮೊದಲೇ ಅಲ್ಲಿ ಮದುವೆಯ ಫೋಟೊ ತೆಗೆಸುವ ಜೋಡಿಗಳು ಸರದಿಯಲ್ಲಿ ನಿಂತಿದ್ದರು, ಒಂದು ಡ್ರೋನು ತಲೆಯ ಮೇಲೆ ಗುಂಯ್‌ಗುಡುತ್ತಿತ್ತು. ಸೂರಿಲ್ಲದ ಗೋಡೆಗಳ ನಡುವೆ ಪ್ರಾರ್ಥಿಸಲು ನೋಡಿದೆವು, ಯಾರಿಗೂ ಮನಸ್ಸು ನಿಲ್ಲಲಿಲ್ಲ. ಬೀಗದ ಕೈ ಹಿಡಿದು ಬರುವವರಿಲ್ಲ, ಬಾಗಿಲ ಬಳಿ ಕೂತ ಅಜ್ಜಿಯಿಲ್ಲ. ನನ್ನನ್ನು ಕೇಳಿದರೆ ಶೆಟ್ಟಿಹಳ್ಳಿಯನ್ನು ಬೇರೆ ದಿನ ಬೇರೆ ಕಾರಣಕ್ಕೆ ನೋಡಿ, ಈ ಯಾತ್ರೆಗೆ ಅದು ಬೇಡ. ಗೋಡೆಗಳು ವರ್ಷವರ್ಷವೂ ಕುಸಿಯುತ್ತಿರುವುದರಿಂದ ಹತ್ತಿರ ಹೋಗುವುದೂ ಅಪಾಯ.

ನಮ್ಮ ಕೈಯಿಂದಲೇ ಕುಸಿಯುತ್ತಿರುವುದು ಇನ್ನೂ ಹೆಚ್ಚು. ಒಂದು ಊರಿನ ಹೆಸರು ಬೇಡ. ಹಿಂದೊಮ್ಮೆ ನೋಡಿದ್ದ ಹೆಂಚಿನ ಮಾಡಿನ ಪುಟ್ಟ ಚರ್ಚಿಗಾಗಿ ಅಲ್ಲಿಗೆ ಮತ್ತೆ ಹೋದಾಗ ಅದರ ಜಾಗದಲ್ಲಿ ಕಾಂಕ್ರೀಟಿನ ದೊಡ್ಡ ಸಭಾಂಗಣ ಎದ್ದಿತ್ತು. ಜನ ಹೆಚ್ಚಿದ್ದಾರೆ, ಹಳೆಯದರಲ್ಲಿ ಸ್ಥಳ ಸಾಲುತ್ತಿರಲಿಲ್ಲ, ಒಪ್ಪುತ್ತೇನೆ. ಮಳೆಗೆ ಸೋರುವ ಮಾಡನ್ನು ಪ್ರತಿ ವರ್ಷ ಕೈಯಾಡಿಸುವ ಖರ್ಚು ಗೊತ್ತಿರುವವರಿಗೆ ಗೊತ್ತು. ಆದರೆ ಹಿತ್ತಿಲಿನಲ್ಲಿ, ಮುರಿದ ಬೆಂಚುಗಳ ಅಡಿಯಲ್ಲಿ, ಚರ್ಚು ಕಟ್ಟಲು ದುಡ್ಡು ಕೊಟ್ಟವರ ಹೆಸರು ಕೆತ್ತಿದ ಕಲ್ಲೊಂದು ಮಣ್ಣಲ್ಲಿ ಬಿದ್ದಿತ್ತು. ಚೌರಪ್ಪ, ಇನ್ನಾಸಪ್ಪ, ಅರುಳಪ್ಪ ಎಂದು ಹೆಸರುಗಳು, ಮುಂದೆ ಒಂದು ರೂಪಾಯಿ, ಎಂಟಾಣೆ ಎಂದು ಮೊತ್ತ. ಎಂಟಾಣೆ ಕೊಟ್ಟವನ ಹೆಸರನ್ನೂ ಕೆತ್ತಿಸಿದ ಕಾಲ ಅದು. ನಮ್ಮ ಹುಡುಗರು ಅದನ್ನು ಎತ್ತಿ, ತೊಳೆದು, ಗೋಡೆಗೆ ಒರಗಿಸಿ ಬಂದರು. ಈಗ ಎಲ್ಲಿದೆಯೋ.

ಆದ್ದರಿಂದ ಧರ್ಮಕೇಂದ್ರಗಳ ಗುರುಗಳಲ್ಲಿ, ಪಾಲನಾ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಹೊಸ ಚರ್ಚು ಕಟ್ಟಲೇಬೇಕಾದರೆ ಕಟ್ಟಿ. ಹಾರೆ ಹಾಕುವ ಮುಂಚೆ ಹಳೆಯದರ ಒಳಗೂ ಹೊರಗೂ ಫೋಟೊ ತೆಗೆಸಿ, ಅಳತೆ ಬರೆದಿಡಿ. ಹೆಸರಿನ ಕಲ್ಲುಗಳನ್ನು ಹೊಸ ಗೋಡೆಯಲ್ಲಿ ಕೂರಿಸಿ. ಬೀರುವಿನಲ್ಲಿ ಗೆದ್ದಲು ಹಿಡಿಯುತ್ತಿರುವ ಲತೀನ್ ಭಾಷೆಯ ಜ್ಞಾನಸ್ನಾನದ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿಸಿ, ಅದಕ್ಕೆ ಒಂದು ಹಬ್ಬದ ಪಟಾಕಿಯ ಖರ್ಚು ಸಾಕು. ಯಾತ್ರೆ ಹೊರಡುವ ಗುಂಪುಗಳಿಗೂ ಇಷ್ಟು ಹೇಳುತ್ತೇನೆ: ನಾಲ್ಕು ಚರ್ಚಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಮೊದಲೇ ಫೋನು ಮಾಡಿ ಹೋಗಿ, ಊಟದ ದುಡ್ಡನ್ನು ಅಲ್ಲಿಯ ಕಾಣಿಕೆ ಡಬ್ಬಿಗೆ ಹಾಕಿ, ಹಾಡು ಬಲ್ಲ ಹಿರಿಯರು ಕಂಡರೆ ಫೋನಿನಲ್ಲಿ ಹಿಡಿದುಕೊಂಡು ಬನ್ನಿ.